ಮುಳುಗುವ ಹಡಗಿನ ದನಿ

“ಮುಳುಗೋ ಹಡಗು ಹೇಗಪ್ಪಾ ಕೂಗುತ್ತೆ?” ಧ್ವನಿಮುದ್ರಣದ ಕೋಣೆಯಲ್ಲಿ ಸಿನಿಮಾಗಳಿಗೆ ಸದ್ದು ಮಾಡಿಕೊಡುವ ಅವನು ಗೋಡೆ ನೋಡುತ್ತಾ ತನ್ನನ್ನೇ ಕೇಳಿಕೊಂಡ. ಕಡಲಯುದ್ಧದ ಸಿನಿಮಾಕ್ಕೆ ಸಂಜೆಯೊಳಗೆ ಆ ಸದ್ದು ಕೊಡಲೇಬೇಕಿತ್ತು. ಬೆಳಗಿನಿಂದ ಕಬ್ಬಿಣದ ಪೀಪಾಯಿ, ತುಕ್ಕು ಹಿಡಿದ ಬಾಗಿಲು, ಎಲ್ಲವನ್ನೂ ಉಜ್ಜಿ ಉಜ್ಜಿ ಸುಸ್ತಾಗಿದ್ದ.

ಊಟದ ಡಬ್ಬಿ ತಂದಿದ್ದ ಮಾವ ಮೂಲೆಯಲ್ಲಿ ಕೂತಿದ್ದರು. ನೌಕಾಪಡೆಯಲ್ಲಿದ್ದವರು, ಮುಳುಗಿದ ಹಡಗಿನಿಂದ ಬದುಕಿ ಬಂದವರು. ಆ ದಿನದ ಬಗ್ಗೆ ಮನೆಯಲ್ಲಿ ಎಂದೂ ತುಟಿ ಬಿಚ್ಚಿದವರಲ್ಲ.

“ಅಳಿಯಂದ್ರೇ, ನಿಮ್ಮ ಹಡಗು ಹಸಿದ ಬೆಕ್ಕಿನ ಹಾಗೆ ಕೂಗ್ತಿದೆ,” ಎಂದು ನಕ್ಕು ಎದ್ದರು. ಒದ್ದೆ ಹಗ್ಗವನ್ನು ಪೀಪಾಯಿಗೆ ಸುತ್ತಿ, ಕಣ್ಣು ಮುಚ್ಚಿ, ನಿಧಾನವಾಗಿ ಎಳೆದರು.

ಮೊದಲು ನೆಲ ಗುಂಯ್‌ಗುಟ್ಟಿತು. ಆಮೇಲೆ ಉದ್ದನೆಯ ನರಳಿಕೆಯೊಂದು ಎದ್ದು, ಕೋಣೆಯನ್ನೆಲ್ಲ ತುಂಬಿ, ಎಳೆ ಎಳೆಯಾಗಿ ಆಳಕ್ಕಿಳಿಯಿತು. ಅವನ ಮೈ ಜುಮ್ಮೆಂದಿತು. ದೇವರೆದುರು ನಿಂತವನಂತೆ ಅರಿವಿಲ್ಲದೆಯೇ ಕೈ ಜೋಡಿಸಿದ್ದ.

ಸದ್ದು ಅಡಗಿದ ಮೇಲೆ ಯಂತ್ರದ ಕಡೆ ನೋಡಿದ. ಗುಂಡಿ ಒತ್ತಬೇಕಾದ ಕೈಗಳು ಮುಗಿದುಕೊಂಡೇ ಇದ್ದವು. ಯಂತ್ರ ಶುರುವೇ ಆಗಿರಲಿಲ್ಲ.

“ಮಾವ, ತಪ್ಪಾಯ್ತು, ರೆಕಾರ್ಡೇ ಆಗಿಲ್ಲ. ಇನ್ನೊಂದೇ ಒಂದ್ಸಲ ಎಳೀರಿ, ದಮ್ಮಯ್ಯ.”

ಮಾವ ಹಗ್ಗ ಬಿಚ್ಚಿ ಅಳಿಯನ ಕೈಗಿತ್ತರು.

“ಇಲ್ಲ. ನಾನು ಮತ್ತೆ ಎಳೆಯಲ್ಲ.”