ಬ್ಯಾಟರಿಗಿಟ್ಟ ಕುಂಕುಮ

“ಅಯ್ಯೋ, ಕುಂಕುಮ ಅಳಿಸಬ್ಯಾಡವ್ವ!” ಎಂದು ನಿರ್ಮಲಮ್ಮ ಕೂಗುವಷ್ಟರಲ್ಲಿ ಸ್ನೇಹಾಳ ಕರ್ಚೀಫು ಬ್ಯಾಟರಿಯ ಮುಖವನ್ನು ಅರ್ಧ ಒರೆಸಿಯಾಗಿತ್ತು.

ಮನೆ ನೋಡುವ ಶಾಸ್ತ್ರಕ್ಕೆಂದು ದಾವಣಗೆರೆಯಿಂದ ಹರಿಹರಕ್ಕೆ ಬಂದ ಹುಡುಗಿ, ಅತ್ತೆಯಾಗುವವಳು ಕೈಯಾರೆ ಇಟ್ಟ ಕುಂಕುಮವನ್ನು ಒರೆಸುವುದೆಂದರೇನು! ಮಿರ್ಚಿ ಕೈಯಲ್ಲಿ ಹಿಡಿದೇ ಎದ್ದು ಬಂದಿದ್ದ ಅವಳ ಅಪ್ಪ ವಾಮದೇವಪ್ಪನಿಗೆ ಅದನ್ನು ತಿನ್ನಬೇಕೋ ಬಿಡಬೇಕೋ ತಿಳಿಯಲಿಲ್ಲ. ಇಂಥ ಶಾಸ್ತ್ರಕ್ಕೆ ಹುಡುಗಿಯನ್ನು ಕರೆತರುವ ಪದ್ಧತಿಯೇ ಅವರಲ್ಲಿ ಇರಲಿಲ್ಲ. “ನಾನು ಬಾಳೋ ಮನೆ, ನಾನು ನೋಡಬ್ಯಾಡ್ವಾ?” ಎಂದು ಸ್ನೇಹಾ ಹಟ ಹಿಡಿದು ಬಂದಿದ್ದಳು. “ಬಾ, ಆದ್ರೆ ಆಫೀಸ್ ಬುದ್ಧಿ ತೋರಿಸಬ್ಯಾಡ” ಎಂದು ಅವನು ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು.

ಆಫೀಸ್ ಬುದ್ಧಿ ಎಂದರೆ, ಕರೆಂಟು ಕೂಡಿಡುವ ದೊಡ್ಡ ಬ್ಯಾಟರಿಗಳನ್ನು ನಿಯಮದ ಪ್ರಕಾರ ಕೂರಿಸಿದ್ದಾರೋ ಇಲ್ಲವೋ ಎಂದು ನೋಡಿ ಪಾಸು, ಫೇಲು ಬರೆಯುವುದು; ಅದೇ ಅವಳ ನೌಕರಿ. ದಾವಣಗೆರೆಯಲ್ಲಿ ಅವಳು ಫೇಲು ಮಾಡಿದ ಜಾಗಗಳು ಒಂದೆರಡಲ್ಲ. ಆದರೆ ಈ ಮನೆಯನ್ನು ಫೇಲು ಮಾಡುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಹುಡುಗ ಪ್ರಶಾಂತ ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ. ಕಡಿಮೆ ಮಾತಾಡಿ ಜಾಸ್ತಿ ನಗುತ್ತಿದ್ದ. ಅವಳಿಗೆ ಅವನು ಇಷ್ಟವಾಗಿದ್ದ, ತುಂಬಾನೇ ಇಷ್ಟವಾಗಿದ್ದ.

ತಪ್ಪೆಲ್ಲ ಹುಡುಗನ ತಂದೆ ಕಲ್ಲೇಶಪ್ಪನದು. ಮದುಮಕ್ಕಳಿಗೆ ಕೊಡುವ ಕೋಣೆ ತೋರಿಸುತ್ತೇನೆಂದು ಕರೆದುಕೊಂಡು ಹೋಗಿ, ಮಂಚದ ತಲೆಗಡೆ ನಿಂತಿದ್ದ ಬೀರುವಿನಂಥ ಬ್ಯಾಟರಿಯನ್ನು ಹೊಗಳಲು ಶುರುಮಾಡಿದ. “ಮಾಳಿಗೆ ಮ್ಯಾಲಿನ ಸೋಲಾರ್ ಕರೆಂಟೆಲ್ಲ ಇದರಾಗೇ ಕೂಡೋದು. ಇಡೀ ಓಣಿಯಾಗೆ ಕರೆಂಟ್ ಹೋದ್ರೂ ನಮ್ಮನೆ ಮಿಕ್ಸಿ ನಿಲ್ಲಂಗಿಲ್ಲ!”

ಆಯುಧಪೂಜೆ ಬಂದಾಗಲೆಲ್ಲ ನಿರ್ಮಲಮ್ಮ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದು, ನಡುವೆ ರೂಪಾಯಿಯಗಲ ಕುಂಕುಮ ಇಡುತ್ತಿದ್ದಳು. ಇಡಲು ಬೆಳ್ಳಗೆ ಕಂಡ ಜಾಗ ಒಂದೇ, ಕಂಪನಿಯವರು ಅಂಟಿಸಿದ ಚೀಟಿ. ಆ ಚೀಟಿ ಓದದೆ ಸುಮ್ಮನಿರುವುದು ಸ್ನೇಹಾಳಿಂದ ಆಗುವ ಮಾತಲ್ಲ.

“ಇನ್ನೂ ನಿಶ್ಚಿತಾರ್ಥ ಆಗಿಲ್ಲ, ಆಗ್ಲೇ ಕುಂಕುಮಕ್ಕೆ ಕೈ ಹಾಕಿದ್ಲಲ್ರಿ!” ನಿರ್ಮಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. “ಅಪಶಕುನ. ಈ ಸಂಬಂಧ ನಮಗೆ ಬ್ಯಾಡ್ರಿ.”

ಸ್ನೇಹಾಳಿಗೂ ಅಳು ಒತ್ತರಿಸಿ ಬಂತು. ತಪ್ಪಾಯ್ತು ಎಂದು ಕೈಮುಗಿದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಚೀಟಿಯನ್ನು ಅವಳು ಆಗಲೇ ಓದಿಬಿಟ್ಟಿದ್ದಳು.

“ಆಂಟಿ, ಇಲ್ಲಿ ಯಾರು ಮಲಗ್ತಾರೆ?”

“ಇನ್ಯಾರು, ನನ್ನ ಮಗ. ಎರಡು ವರ್ಷದಿಂದ ಇಲ್ಲೇ ಮಲಗ್ತಾನೆ. ಯಾಕ?”

“ಮಲಗೋ ಕೋಣೆಯಾಗೆ ಇಡಬಾರದು ಅಂತ ಇದರ ಮ್ಯಾಲೇ ಬರದೈತೆ. ಬೆಂಕಿ ಹತ್ತಿದ್ರೆ ಬರೋ ಹೊಗೆ ವಿಷ ಆಂಟಿ. ಮಲಗಿದ್ದೋರಿಗೆ ಏಳೋಕೂ ಆಗಲ್ಲ.” ಅವಳ ಕಣ್ಣು ಪ್ರಶಾಂತನ ದಿಂಬಿನ ಮೇಲೆ ಬಿತ್ತು. “ನಂಗೆ ಹೆದರಿಕೆ ಆಗ್ತೈತೆ.”

“ಏ, ಹತ್ತು ವರ್ಷ ಗ್ಯಾರಂಟಿ ಕೊಟ್ಟಾರೆ ಕಣಮ್ಮ!” ಎಂದ ಕಲ್ಲೇಶಪ್ಪ.

ನಿರ್ಮಲಮ್ಮ ಗಂಡನ ಕಡೆ ತಿರುಗಿದಳು. “ಗ್ಯಾರಂಟಿ ಬ್ಯಾಟರಿಗೋ, ನನ್ನ ಮಗನಿಗೋ?”

ಅಷ್ಟಂದವಳೇ ಮಗನ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೊರಟುಹೋದಳು. ಬೀಗರಾಗುವವರಿಗೆ ಟೀ ಕೊಡುವುದನ್ನೂ ಮರೆತಳು.

ಹದಿನೈದು ದಿನ ಸುದ್ದಿಯೇ ಇಲ್ಲ. ವಾಮದೇವಪ್ಪ ಮಗಳ ಜೊತೆ ಮಾತು ಬಿಟ್ಟಿದ್ದ. ಸ್ನೇಹಾ ಊಟ ಬಿಟ್ಟಿದ್ದಳು. ಹದಿನಾರನೆಯ ದಿನ ಕಲ್ಲೇಶಪ್ಪನ ಫೋನು. “ಬ್ಯಾಟರಿ ಹಿತ್ತಲಿಗೆ ಹಾಕ್ಸೇವ್ರಿ. ನಿಮ್ಮ ಹುಡುಗಿ ಬಂದು ಪಾಸ್ ಮಾಡೋತನಕ ಮುಂದಿನ ಮಾತಿಲ್ಲ ಅಂತಾಳೆ ನಮ್ಮನೆಯಾಕಿ.”

ಹಿತ್ತಲಿನಲ್ಲಿ ಸಿಮೆಂಟ್ ಕಟ್ಟೆ, ಮೇಲೆ ಹೊಸ ತಗಡು. ಕಲ್ಲೇಶಪ್ಪ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾದವರಂತೆ ಪಕ್ಕದಲ್ಲಿ ನಿಂತಿದ್ದ. ಸ್ನೇಹಾ ವೈರು ನೋಡಿದಳು, ಸ್ವಿಚ್ ನೋಡಿದಳು, ಎಲ್ಲ ಸರಿಯಿತ್ತು. ಕೊನೆಗೆ ಟೇಪಿನ ಒಂದು ತುದಿಯನ್ನು ಅಡುಗೆಮನೆ ಕಿಟಕಿಯ ಹತ್ತಿರ ಹಿಡಿಯಲು ಪ್ರಶಾಂತನಿಗೆ ಕೊಟ್ಟು, ಇನ್ನೊಂದನ್ನು ಬ್ಯಾಟರಿಗೆ ಹಿಡಿದಳು. ಹೊಗೆ ಒಳಗೆ ನುಗ್ಗದಿರಲು ಕಿಟಕಿಯಿಂದ ಮೂರು ಅಡಿ ದೂರವಿರಬೇಕು. ಇದ್ದದ್ದು ಎರಡೂವರೆ.

“ಅರ್ಧ ಅಡಿ ತಾನೇ!” ಎಂದು ಕಲ್ಲೇಶಪ್ಪ ನಕ್ಕ. ಹಿಂದಿನಿಂದ ವಾಮದೇವಪ್ಪ, ‘ಪಾಸ್ ಅಂದುಬಿಡು, ನಿನ್ನ ಕಾಲಿಗೆ ಬೀಳ್ತೀನಿ’ ಎಂದು ಕಣ್ಣಲ್ಲೇ ಬೇಡಿಕೊಂಡ. ಸ್ನೇಹಾ ಒಮ್ಮೆ ಪ್ರಶಾಂತನ ಮುಖ ನೋಡಿದಳು. ಮದುವೆ ಹೋದರೆ ಹೋಗಲಿ, ಇವನು ಚೆನ್ನಾಗಿರಲಿ ಅನ್ನಿಸಿತು.

“ಫೇಲ್ ರೀ” ಎಂದಳು ಮೆಲ್ಲಗೆ.

ಎಲ್ಲರೂ ನಿರ್ಮಲಮ್ಮನನ್ನು ನೋಡಿದರು. ಮೂವತ್ತು ವರ್ಷ ಅವಳು ಅಡುಗೆ ಮಾಡುತ್ತಾ ಹಿತ್ತಲಾಚೆಯ ಬೀದಿ ನೋಡಿದ ಕಿಟಕಿ ಅದು.

“ಗಾರೆಯವನಿಗೆ ಫೋನ್ ಹಚ್ರಿ” ಎಂದಳು ಗಂಡನಿಗೆ. “ಈ ಕಿಟಕಿ ಮುಚ್ಚಿಬಿಡ್ಲಿ.” ಆಮೇಲೆ ಸ್ನೇಹಾಳ ಕಡೆ ತಿರುಗಿ, “ಮೆಲ್ಲಗೆ ಯಾಕ ಹೇಳ್ತಿಯವ್ವ? ಈ ಮನೆ ಗಂಡಸರಿಗೆ ಜೋರಾಗಿ ಹೇಳಿದ್ರೇ ಕೇಳಸೋದು. ಈಗಿಂದ್ಲೇ ರೂಢಿ ಮಾಡ್ಕೊ” ಎಂದು ಟೀಗೆ ನೀರಿಡಲು ಒಳಗೆ ಹೋದಳು.

ಅಳತೆ ಮುಗಿದಿತ್ತು. ಪ್ರಶಾಂತ ಟೇಪಿನ ಆ ತುದಿಯನ್ನು ಬಿಟ್ಟಿರಲಿಲ್ಲ. ಸ್ನೇಹಾಳೂ ಈ ತುದಿಯನ್ನು ಎಳೆದುಕೊಳ್ಳಲಿಲ್ಲ.