ನಂಗ ಬೇಕಾದ ದವಾಖಾನಿ

"ಒತ್ತಬೇ, ಹಿಂದ ಇನ್ನೂ ಮಂದಿ ನಿಂತದ," ಎಂದು ಮೇಸ್ತ್ರಿ ಪರಮಣ್ಣ ಶಾಯಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದ. ಅಮರಮ್ಮ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡು ನಿಂತಳು.

"ಯಾವ ಡಾಕ್ಟರ ಹೆಸರು ಬರ್ಸೀದಿ ಯಣ್ಣಾ?"

"ಎಲ್ಲಾರ್ದೂ ಒಂದ. ಸಾವಕಾರ್ರ ಅಳಿಯಂದು."

ರಾಯಚೂರಿನ ಆ ಹತ್ತಿ ಮಿಲ್ಲಿನಲ್ಲಿ ಸರ್ಕಾರದ ವಿಮೆಗೆಂದು ಹೆಂಗಸರ ಪಗಾರದಲ್ಲಿ ಒಂದಿಷ್ಟು ಹಿಡಿಯುತ್ತ ಬಂದಿದ್ದರು. ಹುಷಾರಿಲ್ಲದಾಗ ಹೋಗಬೇಕಾದದ್ದು ಮಾತ್ರ ಒಂದೇ ಕಡೆ, ಸಾವಕಾರರ ಅಳಿಯನ ದವಾಖಾನೆಗೆ. ಅವನು ಕೂಲಿ ಹೆಂಗಸರ ಮೈ ಮುಟ್ಟುತ್ತಿರಲಿಲ್ಲ. ಬಾಗಿಲ ಹೊರಗೇ ನಿಲ್ಲಿಸಿ ಮಾತ್ರೆ ಕೊಡಿಸುತ್ತಿದ್ದ, ಅದಕ್ಕೂ ಬೇರೆ ದುಡ್ಡು ಕೇಳುತ್ತಿದ್ದ. ೧೯೮೩ರ ಆ ಬೇಸಿಗೆಯಲ್ಲಿ ನಿಯಮ ಬದಲಾಗಿತ್ತು. ಊರಿನ ಮೂವರು ಡಾಕ್ಟರರಲ್ಲಿ ಯಾರನ್ನು ಬೇಕಾದರೂ ಕೆಲಸಗಾರರೇ ಆರಿಸಿಕೊಳ್ಳಬಹುದು, ಔಷಧಿಗೆ ಕೈಯಿಂದ ಕೊಡಬೇಕಿಲ್ಲ ಎಂದು ವಿಮೆ ಆಫೀಸಿನ ಸಾಹೇಬರು ಅಂಗಳದಲ್ಲಿ ನಿಂತು ಹೇಳಿ, ಸಾವಕಾರರ ಕೋಣೆಗೆ ಚಾ ಕುಡಿಯಲು ಹೋಗಿದ್ದರು. ಅವರು ಆಚೆ ಹೋದದ್ದೇ ತಡ, ಪರಮಣ್ಣ ಎಲ್ಲ ಹಾಳೆಗಳ ಮೇಲೂ ಒಂದೇ ಹೆಸರು ಬರೆಸಿದ್ದ.

ಅಮರಮ್ಮನಿಗೆ ಶೇಖಮ್ಮ ನೆನಪಾದಳು. ಇಬ್ಬರೂ ಕಲ್ಮಲದಿಂದ ಒಂದೇ ಬಸ್ಸಿಗೆ ಕೆಲಸಕ್ಕೆ ಬರುತ್ತಿದ್ದರು. ಹೋದ ವರ್ಷ ಶೇಖಮ್ಮ ಕೆಮ್ಮೆಂದು ಆ ದವಾಖಾನೆಗೆ ಹೋದಳು. ಔಷಧಿ ಅವಳ ಕೈಗೆ ಬರುವ ಮೊದಲೇ ಸುದ್ದಿ ಮಿಲ್ಲಿಗೆ ಮುಟ್ಟಿತ್ತು. ಮರುದಿನ ಗೇಟಿನೊಳಗೆ ಬಿಡಲಿಲ್ಲ. ಈಗ ಗೋಡೆಗೊರಗಿ ಕೂತರೆ ಏಳಲು ಅವಳಿಗೆ ಯಾರಾದರೂ ಕೈ ಕೊಡಬೇಕು. ದೀವಳಿಗೆಯಿಂದ ಅಂಥದೇ ಕೆಮ್ಮು ಅಮರಮ್ಮನ ಎದೆಯಲ್ಲೂ ಕೂತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಯಂತ್ರದ ಸದ್ದಿನಲ್ಲಿ ಕೆಮ್ಮುವುದನ್ನು ಕಲಿತಿದ್ದಳು.

"ನಂಗ ಕುಬ್ರಾ ಬೇಗಂ ಬೇಕು. ತೀನ್ ಕಂದೀಲ್ ಹತ್ರ ಇರೋ ಹೆಣ್ಣು ಡಾಕ್ಟರು."

"ನಾಳಿಂದ ಕೆಲಸ ಬ್ಯಾಡೇನು ನಿಂಗ?"

"ಹಿಡ್ಕೊಂಡಿದ್ದು ನನ್ನ ಪಗಾರ ಯಣ್ಣಾ, ನಿಂದಲ್ಲ."

ಹಿಂದೆ ನಿಂತಿದ್ದ ಕರೆಮ್ಮ ಸೆರಗು ಜಗ್ಗಿದಳು. "ಸುಮ್ನ ಒತ್ತಿಬಿಡಬೇ, ಮಕ್ಕಳ ತಾಯಿ ಇದ್ದೀದಿ."

ಅಮರಮ್ಮ ಸಾಲು ಬಿಟ್ಟು ಸಾವಕಾರರ ಕೋಣೆಯ ಕಡೆ ನಡೆದಳು. ಯಾವ ಹೆಂಗಸೂ ಆ ಹೊಸ್ತಿಲು ದಾಟಿದ್ದಿಲ್ಲ. ಒಳಗೆ ಸಾಹೇಬರು ಬಸಿಯಲ್ಲಿ ಚಾ ಆರಿಸುತ್ತಿದ್ದರು.

"ಸಾಹೇಬ್ರ, ಯಾರನ್ನ ಬೇಕಾದ್ರೂ ಆರಿಸ್ಕೋರಿ ಅಂದ್ರಿ. ಖರೇನೋ ಸುಳ್ಳೋ?"

"ಏ, ಯಾರು ಬಿಟ್ರು ಇಕೀನ ಒಳಗ?" ಸಾವಕಾರರು ಗದರಿದರು.

ಉತ್ತರ ಕೊಡಲು ಬಾಯಿ ತೆರೆದವಳಿಗೆ ಕೆಮ್ಮು ಒತ್ತರಿಸಿ ಬಂತು. ಈ ಸಲ ಅದನ್ನು ನುಂಗಲು ಹೋಗಲಿಲ್ಲ. ಮುಖವನ್ನು ಬಾಗಿಲ ಕಡೆ ತಿರುಗಿಸಿ, ಇಬ್ಬರೂ ಕೇಳುವಂತೆ, ಮುಗಿಯುವ ತನಕ ಕೆಮ್ಮಿದಳು.

"ಕೇಳಿದ್ರಿಲ್ಲ ಸಾವಕಾರ್ರ? ಇನ್ನ ನಿಮ್ಮ ಅಳಿಯ ಬಂದು ಹೇಳೋದು ಏನೂ ಉಳೀಲಿಲ್ಲ. ಸಾಹೇಬ್ರ, ನಂದು ಕುಬ್ರಾ ಬೇಗಂ ಅಂತ ಬರೀರಿ."

ಸಾಹೇಬರು ಸಾವಕಾರರ ಮುಖ ನೋಡಿದರು. ಬಸಿ ಕೆಳಗಿಟ್ಟು, ಪೆನ್ನು ತೆಗೆದು ತಾವೇ ಬರೆದರು.

ಮರುದಿನ ಗೇಟಿನಲ್ಲಿ ಅವಳನ್ನು ತಡೆದರು. ಅಮರಮ್ಮ ಅಲ್ಲಿ ಅಂಗಲಾಚಲಿಲ್ಲ, ನೇರ ತೀನ್ ಕಂದೀಲಿಗೆ ಹೋದಳು. ಕುಬ್ರಾ ಬೇಗಂ ಅವಳನ್ನು ಒಳಗೆ ಕೂರಿಸಿಕೊಂಡು, ಬೆನ್ನ ಮೇಲೆ ಅಂಗೈಯಿಟ್ಟು ಉಸಿರೆಳೆಸಿದರು, ಕಫದ ಪರೀಕ್ಷೆಗೆ ಕಳಿಸಿದರು. ಅದರ ಫಲ ಬಂದ ದಿನ, "ಟಿ.ಬಿ. ಅದ ಅಮ್ಮಾ. ವಾಸಿ ಆಗ್ತದ," ಅಂದರು. "ರಜಾಕ್ಕ ಚೀಟಿ ನಾ ಬರ್ದು ಕೊಡ್ತೀನಿ. ಔಷಧ ನಡಿಯೋ ತನಕ ಅವ್ರು ನಿನ್ನ ಕೆಲಸದಿಂದ ತೆಗಿಯಂಗಿಲ್ಲ."

"ನನ್ನ ಗೆಳತಿ ಒಬ್ಬಾಕಿ ಇದ್ದಾಳ್ರಿ. ಆಕೀಗೆ ಈಗ ವಿಮೆ ಇಲ್ಲ."

"ಕರ್ಕೊಂಡು ಬಾ."

ಮುಂದಿನ ವಾರ ಅಮರಮ್ಮ ಶೇಖಮ್ಮನ ತೋಳು ಹಿಡಿದು ದವಾಖಾನೆಯ ಮೆಟ್ಟಿಲು ಹತ್ತಿದಾಗ, ಒಳಗಿನ ಬೆಂಚು ತುಂಬಿತ್ತು. ಕರೆಮ್ಮ ಇದ್ದಳು, ಬಂಡೆಮ್ಮ ಇದ್ದಳು, ತಮ್ಮ ಹಾಳೆಗೂ ಇದೇ ಹೆಸರು ಬರೆಸಿ, ಮಿಲ್ಲಿನ ಪಾಳಿ ಮುಗಿಸಿ ಹಾಗೇ ಬಂದವರು. ಸರಿದು ಸರಿದು ಇಬ್ಬರಿಗೆ ಜಾಗ ಮಾಡಿದರು. ಫ್ಯಾನಿನ ಗಾಳಿಗೆ ಅವರ ಕೂದಲಲ್ಲಿದ್ದ ಹತ್ತಿಯ ಎಳೆಗಳು ಬಿಡಿಸಿಕೊಂಡು ಕೋಣೆಯ ತುಂಬ ತೇಲಾಡತೊಡಗಿದವು. ಕುಬ್ರಾ ಬೇಗಂ ಎದ್ದು ಹೋಗಿ ಫ್ಯಾನು ಬಂದ್ ಮಾಡಿ, ಕಿಟಕಿ ತೆರೆದರು.