ಮೇಲಿಂದ ಹಸಿರು

“ಮುಚ್ಚು ಬಾಯಿ, ಕತ್ತೆ! ಉಪಗ್ರಹ ಸುಳ್ಳು ಹೇಳುತ್ತಾ, ನಿನ್ನ ಮೇಕೆ ಸುಳ್ಳು ಹೇಳುತ್ತಾ?”

ನೈರೋಬಿಯಿಂದ ಬಂದ ಮುರಿಯುಕಿ ಸಾಹೇಬ ಹುಲ್ಲಿನ ಲಾರಿಯ ಮುಂದೆ ನಿಂತು, ಆಕಾಶದಿಂದ ತೆಗೆದ ಚಿತ್ರವನ್ನು ಲೆಸಿಯಾಮೊನ ಮೂಗಿಗೆ ಹಿಡಿದ. ಅದರಲ್ಲಿ ಬರಿಂಗೊ ಸರೋವರದ ದಂಡೆಯೆಲ್ಲ ಹಸಿರೋ ಹಸಿರು.

ಲೆಸಿಯಾಮೊ ಬೊಚ್ಚುಬಾಯಲ್ಲಿ ನಕ್ಕ. “ನನ್ ಮೇಕೆ ಬಾಯ್ ಬಿಟ್ರೆ ಹಲ್ಲೇ ಇಲ್ಲ ಸಾಹೇಬ್ರೆ, ಸುಳ್ಳೆಲ್ಲಿಂದ ಹೇಳ್ತದೆ? ಜಾಲಿಕಾಯಿ ತಿಂದೂ ತಿಂದೂ ಉದುರೋದ್ವು. ನನ್ ಬಾಯೂ ಹಂಗೇ. ಒಂದೇ ಮನೆತನ ನಮ್ದು.”

ಜನ ಹೊಟ್ಟೆ ಹಿಡಿದು ನಕ್ಕರು. ಬೆಳಿಗ್ಗೆಯಿಂದ ಸಾಹೇಬನ ಭಾಷಣಕ್ಕೆ ಅವರು ಮಾಡಿದ್ದು ಇದೇ: ನಗುವುದು, ಚಪ್ಪಾಳೆ ತಟ್ಟುವುದು. ದೇಶ ತನ್ನದೇ ರಾಕೆಟ್ಟು ಹಾರಿಸುವುದಂತೆ, ಚಪ್ಪಾಳೆ. ಚಂದ್ರನನ್ನೂ ಒಂದು ಕೈ ನೋಡುವುದಂತೆ, ಚಪ್ಪಾಳೆ. ಎಲ್ಲಕ್ಕಿಂತ ಮೊದಲು, ಬರ ಎಲ್ಲಿದೆಯೆಂದು ಮೇಲಿನಿಂದ ನೋಡಿ ಮೇಕೆಯವರಿಗೆ ಹುಲ್ಲು ಕಳಿಸುವುದೇ ರಾಷ್ಟ್ರದ ಗುರಿಯಂತೆ. ಅದಕ್ಕಂತೂ ಲೆಸಿಯಾಮೊ ಅಂಗೈ ಉರಿಯುವ ಹಾಗೆ ತಟ್ಟಿದ್ದ. ಸಾಹೇಬನ ಸ್ವಾಗತಕ್ಕೆ ಜಾಲಿಯ ಹಸಿರು ಕೊಂಬೆ ಕಡಿದು ಕಮಾನು ಕಟ್ಟಿದ ಜಾಣನೂ ಅವನೇ.

“ನಿಮ್ಮದು ಹಸಿರು ಜಾಗ. ಈ ಹುಲ್ಲು ಬರದ ಜಾಗಕ್ಕೆ ಹೋಗುತ್ತೆ,” ಎಂದ ಸಾಹೇಬ.

“ಆ ಹಸಿರೆಲ್ಲ ಜಾಲಿಮುಳ್ಳು ಕಣಪ್ಪಾ!” ಲೆಸಿಯಾಮೊನ ಹೆಂಡತಿ ನಬುಲು ಕೂಗಿದಳು. “ಜಾಲಿ ನೆಡ್ರಿ ಅಂದೋರೂ ನಿನ್ನಂಥ ಪ್ಯಾಂಟಿನೋರೇ. ಈ ಹುಲ್ಲು ಹೋದ್ರೆ ಉಳಿದಿರೋ ಮೇಕೆನೂ ಸಾಯ್ತವೆ!”

“ಥೂ, ಈ ಮುದುಕಿ ನಾತಕ್ಕೆ ಉಪಗ್ರಹವೇ ಕೆಳಗೆ ಬೀಳುತ್ತೆ.”

ಅವನಿಗೆಂದೇ ಕಡಿದ ಮೇಕೆ ಆಗಲೇ ಬೆಂದಿತ್ತು. ಅದನ್ನು ಬಿಟ್ಟು ಹೋಗುವಷ್ಟು ಅವಸರ ಸಾಹೇಬನಿಗಿರಲಿಲ್ಲ. ನೊಣ ಎಂದು ಲಾರಿಯ ಮುಂದಿನ ಸೀಟು ಹತ್ತಿ, ಗಾಜು ಏರಿಸಿ, ಡ್ರೈವರನ ಜೊತೆ ತಿನ್ನತೊಡಗಿದ.

ಲೆಸಿಯಾಮೊ ಮಚ್ಚು ಎತ್ತಿಕೊಂಡ. “ಬರ್ರಲಾ. ರಾಕೆಟ್ ಬಿಡೋಕೆ ಬರಾಕಿಲ್ಲ, ಓದೋಕೆ ಬರಾಕಿಲ್ಲ. ನಮ್ ದರಿದ್ರ ಕೈಗೆ ಬರೋದು ಒಂದೇ ಕೆಲ್ಸ.”

ದೊಡ್ಡಿ ಕಟ್ಟುವುದು.

ಮೂಳೆ ಚೀಪಿ ಸಾಹೇಬ ತಲೆ ಎತ್ತುವಷ್ಟರಲ್ಲಿ ಲಾರಿಯ ಸುತ್ತ ಎದೆಮಟ್ಟ ಜಾಲಿಬೇಲಿ ಎದ್ದಿತ್ತು. ಟೈರಿನ ಅಡಿಗೂ ಮುಳ್ಳು. ಸ್ವಾಗತದ ಕಮಾನು ದೊಡ್ಡಿಯ ಬಾಯಿಗೆ ಅಡ್ಡ ಬಿದ್ದಿತ್ತು. ಒಳಗೆ ಊರಿನ ಮೇಕೆಗಳೆಲ್ಲ ನಿಂತಿದ್ದವು. ನಬುಲು ಲಾರಿ ಹತ್ತಿ ಹುಲ್ಲು ಎಳೆದೆಳೆದು ಹಾಕುತ್ತಿದ್ದಳು.

“ಬೋಳಿಮಕ್ಕಳಾ! ನೈರೋಬಿಗೆ ಫೋನ್ ಮಾಡ್ತೀನಿ!”

“ಮಾಡಿ ಸಾಹೇಬ್ರೆ.” ಲೆಸಿಯಾಮೊ ಬೇಲಿಗೆ ಇನ್ನೊಂದು ಕೊಂಬೆ ಒತ್ತಿದ. “ಅವ್ರು ಮೇಲಿಂದ ನೋಡ್ತಾರೆ. ಸುತ್ತಾ ಹಸಿರು ಕಾಣ್ತದೆ. ಸಾಹೇಬ್ರು ಚೆಂದಾಗವ್ರೆ ಅಂತ ಸುಮ್ಕಾಯ್ತಾರೆ.”